ರಾ ಇಡಲಾ, ಜೆಪೆಗ್ ಇಡಲಾ? ಇಳಕಲ್ ಸೀರೆ, ಗುಮ್ಮಟ, ಮದುವೆ ಮೂರಕ್ಕೂ ಒಂದೇ ಸೆಟ್ಟಿಂಗ್ ಸಾಕಾ?

ಗುಮ್ಮಟದ_ನೆರಳು (ವಿಜಯಪುರ)
ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು 24 ಮೆಗಾಪಿಕ್ಸೆಲ್ ನಿಕಾನ್ ತಗೊಂಡಿದ್ದೇನೆ. ಮೆನುವಿನಲ್ಲಿ ಇಮೇಜ್ ಕ್ವಾಲಿಟಿ ಅನ್ನೋ ಕಡೆ ಹೋದರೆ ತಲೆ ಕೆಡುತ್ತೆ. ರಾ (ಕ್ಯಾಮೆರಾ ಕಂಡದ್ದು ಕಂಡ ಹಾಗೇ ಇರುವ ಕಚ್ಚಾ ಫೈಲ್), ರಾ ಪ್ಲಸ್ ಜೆಪೆಗ್, ಆಮೇಲೆ ಕ್ಯಾಮೆರಾ ತಾನೇ ತಯಾರಿಸಿ ಕೊಡುವ ಜೆಪೆಗ್ ಫೈನ್, ನಾರ್ಮಲ್, ಬೇಸಿಕ್. ರಾ ಒಳಗೆ ಮತ್ತೆ 12 ಬಿಟ್ಟಾ, 14 ಬಿಟ್ಟಾ ಅಂತ ಇನ್ನೊಂದು ಪ್ರಶ್ನೆ. ಸ್ಟುಡಿಯೋ ಇಟ್ಟಿರೋ ಗೆಳೆಯ "ಜೆಪೆಗ್ ಇಟ್ಟು ಆರಾಮಾಗಿರು" ಅಂತಾನೆ. ಯೂಟ್ಯೂಬಿನವರು ರಾ ಇಲ್ಲದಿದ್ದರೆ ಕ್ಯಾಮೆರಾ ಮಾರಿಬಿಡು ಅನ್ನೋ ಹಾಗೆ ಮಾತಾಡ್ತಾರೆ.

ನನ್ನ ಕೆಲಸ ಮೂರು ಥರ. ಹೆಂಡತಿಯ ತವರು ಇಳಕಲ್, ಅವರ ಸೀರೆಗಳ ಫೋಟೋ ತೆಗೆದು ಗಿರಾಕಿಗಳಿಗೆ ವಾಟ್ಸಾಪಿನಲ್ಲಿ ಕಳಿಸಬೇಕು. ರಜೆ ಸಿಕ್ಕರೆ ಗುಮ್ಮಟ, ಇಬ್ರಾಹಿಂ ರೋಜಾ, ಬಾದಾಮಿ ಅಂತ ಸುತ್ತೋದು. ಆಮೇಲೆ ಮನೆಯವರ ಮದುವೆ, ಕುಬಸ (ಸೀಮಂತ) ಇದ್ದೇ ಇರುತ್ತವೆ. ಲ್ಯಾಪ್‌ಟಾಪ್ ಹಳೇದು, 8 ಜಿಬಿ ರ‍್ಯಾಮ್. ಯಾವುದನ್ನು ಇಟ್ಟುಕೊಳ್ಳಲಿ?

ಅಕ್ಕಿಕಾಳು_ಕ್ಲಿಕ್ (ಬಾಗಲಕೋಟೆ)
ಜೆಪೆಗ್ ಫೈನ್. ಚರ್ಚೆ ಮುಗೀತು.

ಕೆಂಪುಕಲ್ಲು (ಬಾದಾಮಿ)
ಮುಗಿಯಲಿಲ್ಲ, ಈಗ ಶುರುವಾಯಿತು. ಗುಮ್ಮಟದ ಒಳಗೆ ಮಧ್ಯಾಹ್ನ ನಿಂತು ಬಾಗಿಲ ಕಡೆ ಒಂದು ಫೋಟೋ ತೆಗೆಯಿರಿ. ಕಮಾನಿನ ಕೆಳಗೆ ಕತ್ತಲು, ಹೊರಗೆ ನಮ್ಮ ಕಡೆಯ ಬಿಸಿಲು. ಜೆಪೆಗ್‌ನಲ್ಲಿ ಗೋಡೆ ಕಂಡರೆ ಬಾಗಿಲು ಬರೀ ಬಿಳಿ. ಬಾಗಿಲು ಕಂಡರೆ ಗೋಡೆ ಕರೀ ಗುಡ್ಡೆ. ಆ ಕಪ್ಪನ್ನು ಆಮೇಲೆ ಕಂಪ್ಯೂಟರಿನಲ್ಲಿ ಎತ್ತೋಕೆ ಹೋದರೆ ಕಲೆ ಕಲೆಯಾಗಿ ಏಳುತ್ತೆ.

ಕಾರಣ ಇಷ್ಟೇ. ಜೆಪೆಗ್ 8 ಬಿಟ್. ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 256 ಹಂತ. ರಾ 12 ಬಿಟ್ ಇದ್ದರೆ 4,096 ಹಂತ, 14 ಬಿಟ್ ಇದ್ದರೆ 16,384. ಜೆಪೆಗ್ ಮಾಡುವಾಗ ಕ್ಯಾಮೆರಾ ತನಗೆ ಬೇಕಾದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಸಾಡುತ್ತೆ. ಬಿಸಾಡಿದ್ದು ಮತ್ತೆ ಬರಲ್ಲ. ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕ ಬಣ್ಣದ ಹೊಂದಿಕೆ) ಕೂಡ ಜೆಪೆಗ್‌ನಲ್ಲಿ ಗಟ್ಟಿಯಾಗಿ ಕೂತುಬಿಡುತ್ತೆ. ರಾದಲ್ಲಿ ಅದು ಬರೀ ಒಂದು ಟಿಪ್ಪಣಿ, ಮನೆಗೆ ಬಂದು ಬದಲಾಯಿಸಬಹುದು.

ರಾ ಅಂದ್ರೆ ಹಿಟ್ಟು, ಜೆಪೆಗ್ ಅಂದ್ರೆ ರೊಟ್ಟಿ ಅನ್ನೋ ಉದಾಹರಣೆ ಯಾರಾದರೂ ಕೊಡೋ ಮೊದಲೇ ಹೇಳ್ತೀನಿ: ಬೇಡ. ಆ ಉದಾಹರಣೆ ಹಳಸಿದೆ.

ಅಕ್ಕಿಕಾಳು_ಕ್ಲಿಕ್ (ಬಾಗಲಕೋಟೆ)
ಗುಮ್ಮಟ ಎಲ್ಲೂ ಓಡಿಹೋಗಲ್ಲ ಸರ, ನಿಧಾನಕ್ಕೆ ರಾ ತೆಗೀರಿ. ಮದುವೆ ಹಾಗಲ್ಲ. ಮಂಗಳಾಷ್ಟಕ ಮುಗಿದು ಅಕ್ಕಿಕಾಳು ಬೀಳೋದು ಎರಡು ಮೂರು ಸೆಕೆಂಡು. ಬರ್ಸ್ಟ್ (ಒಂದರ ಹಿಂದೆ ಒಂದು ಫೋಟೋ) ಇಟ್ಟು ಬಟನ್ ಒತ್ತಿ ಹಿಡಿದಿರ್ತೀವಿ. ರಾ ಇದ್ದರೆ ಹಳೇ ಕ್ಯಾಮೆರಾದ ಬಫರ್ (ಕಾರ್ಡಿಗೆ ಬರೆಯೋ ಮೊದಲು ಫೋಟೋ ಇಡೋ ಜಾಗ) ಅಲ್ಲೇ ತುಂಬುತ್ತೆ. ಕ್ಯಾಮೆರಾ ಮೂಲೆಯಲ್ಲಿ ಕೆಂಪು ಲೈಟ್ ಮಿಣ ಮಿಣ ಅಂತ ಕಾರ್ಡಿಗೆ ಬರೀತಾ ಕೂರುತ್ತೆ. ನೀವು ಬಟನ್ ಒತ್ತುತ್ತಾ ನಿಂತಿರ್ತೀರಿ. ಅಷ್ಟರಲ್ಲಿ ಹುಡುಗ ಹಾರ ಹಾಕಿ ಆಗಿರುತ್ತೆ. ಇನ್ನೊಂದು ಸಲ ಹಾಕು ಅಂತ ಹೇಳೋಕಾಗುತ್ತಾ?

ಇನ್ನು ಆಲ್ಬಮ್. ಲ್ಯಾಬಿನವರು ಕೇಳೋದು ಎಸ್ಆರ್‌ಜಿಬಿ ಅನ್ನೋ ಮಾಮೂಲಿ ಬಣ್ಣದ ವ್ಯವಸ್ಥೆಯ ಜೆಪೆಗ್. 12×36 ಇಂಚಿನ ಶೀಟ್ ಡಿಸೈನ್ ಮಾಡಿ ಅದನ್ನೇ ಕಳಿಸ್ತೀವಿ. ರಾ ಕೊಟ್ಟರೆ ಅವರೂ ನಗ್ತಾರೆ.

ಕೆಂಪುಕಲ್ಲು (ಬಾದಾಮಿ)
ಸ್ಟೇಜ್ ಮೇಲೆ ಒಂದು ಕಡೆ ಗುಲಾಬಿ ಎಲ್ಇಡಿ, ಇನ್ನೊಂದು ಕಡೆ ವಿಡಿಯೋದವನ ಬಿಳಿ ಲೈಟು. ಮದುಮಗಳ ಮುಖ ಅರ್ಧ ನೇರಳೆ ಆದಾಗ ನಿಮ್ಮ ಜೆಪೆಗ್ ಏನು ಮಾಡುತ್ತೆ?

ಅಕ್ಕಿಕಾಳು_ಕ್ಲಿಕ್ (ಬಾಗಲಕೋಟೆ)
ಫ್ಲ್ಯಾಶ್ ಹಾಕ್ತೀವಿ ಸರ. ಅದಕ್ಕೇ ಇರೋದು ಅದು.

ದಡಿ_ಸೆರಗು (ಇಳಕಲ್)
ನಮ್ಮ ಊರಿನ ಹೆಸರು ಬಂತು ಅಂತ ಬಂದೆ. ನಮ್ಮದೂ ಸೀರೆ ವ್ಯಾಪಾರವೇ. ತಮ್ಮಾ, ಸೀರೆ ಫೋಟೋದಲ್ಲಿ ಜಗಳ ಆಗೋದು ಒಂದೇ ವಿಷಯಕ್ಕೆ, ಬಣ್ಣ. "ಫೋಟೋದಲ್ಲಿ ದಾಳಿಂಬೆ ಕೆಂಪು ಇತ್ತು, ಬಂದಿದ್ದು ಇಟ್ಟಿಗೆ ಕೆಂಪು" ಅಂತ ಪಾರ್ಸಲ್ ವಾಪಸ್ ಬರುತ್ತೆ. ನಾನು ರಾನೂ ನೋಡಿದ್ದೀನಿ, ಫೋನೂ ನೋಡಿದ್ದೀನಿ. ಫೈಲ್ ಯಾವುದು ಅನ್ನೋದಕ್ಕಿಂತ ಬೆಳಕು ಎಲ್ಲಿಂದ ಬರ್ತಿದೆ ಅನ್ನೋದು ದೊಡ್ಡದು. ಅಂಗಡಿಯ ಟ್ಯೂಬ್‌ಲೈಟೂ ಕಿಟಕಿಯ ಬೆಳಕೂ ಒಟ್ಟಿಗೆ ಬಿದ್ದರೆ ಯಾವ ರಾ ಫೈಲೂ ಸರಿ ಮಾಡಲ್ಲ. ಸೆರಗಿಗೆ ಒಂದು ಬಣ್ಣ, ಒಡಲಿಗೆ ಒಂದು ಬಣ್ಣ ಬರುತ್ತೆ. ಲೈಟ್ ಆರಿಸಿ, ಬಾಗಿಲ ಹತ್ತಿರ ನೆರಳಲ್ಲಿ ಹಾಸಿ. ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಟ್ಟು ಮೊದಲ ಫೋಟೋ ತೆಗೆಯಿರಿ. ಆ ಹಾಳೆ ನೋಡಿಕೊಂಡು ಬಣ್ಣ ಸರಿಮಾಡಿ, ಉಳಿದ ಸೀರೆಗಳಿಗೂ ಅದನ್ನೇ ಹಾಕಿ.

ಬಿಟ್_ಬೈಟು (ಬೆಳಗಾವಿ)
ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಬಿಳಿ ಹಾಳೆ ಆಗುತ್ತೆ, ಆದರೆ ಕೆಲವು ಹಾಳೆಗಳಲ್ಲಿ ಹೊಳಪಿಗೆ ಅಂತ ನೀಲಿ ಬೀರುವ ರಾಸಾಯನಿಕ ಹಾಕಿರ್ತಾರೆ. ಬೂದು ಬಣ್ಣದ ಗ್ರೇ ಕಾರ್ಡ್ ಸಿಕ್ಕರೆ ಇನ್ನೂ ಚೆನ್ನ.

ಇನ್ನು ಇಳಕಲ್ ಕೆಂಪಿನ ವಿಷಯ. ಕ್ಯಾಮೆರಾ ಹಿಂದಿನ ಪರದೆಯಲ್ಲಿ ಬಿಳಿ ಹಿಸ್ಟೋಗ್ರಾಮ್ (ಎಡಕ್ಕೆ ಕತ್ತಲು, ಬಲಕ್ಕೆ ಬೆಳಕು ತೋರಿಸುವ ಗ್ರಾಫ್) ಒಂದನ್ನೇ ನೋಡಬೇಡಿ. ಒಟ್ಟು ಬೆಳಕು ಸರಿ ಇದ್ದ ಹಾಗೆ ಕಂಡರೂ ಕೆಂಪು ಚಾನೆಲ್ ಒಂದೇ ಬಲಗಡೆ ಗೋಡೆಗೆ ಹೋಗಿ ಬಡಿದಿರುತ್ತೆ. ಆಗ ನೇಯ್ಗೆಯ ಎಳೆ ಎಲ್ಲ ಮಾಯವಾಗಿ ಬರೀ ಕೆಂಪು ಬಣ್ಣ ಬಳಿದ ಹಾಗೆ ಕಾಣುತ್ತೆ. ಮೂರು ಬಣ್ಣದ ಹಿಸ್ಟೋಗ್ರಾಮ್ ಹಾಕಿಕೊಂಡು, ಕೆಂಪು ಒಳಗೆ ಬರೋವರೆಗೂ ಎಕ್ಸ್‌ಪೋಶರ್ ಇಳಿಸಿ. ಯಲ್ಲಮ್ಮನ ಗುಡ್ಡದಲ್ಲಿ ಭಂಡಾರ ಹಾರುವ ಫೋಟೋ ತೆಗೆದವರಿಗೆ ಇದು ಗೊತ್ತಿರುತ್ತೆ. ಆ ಹಳದಿಯಲ್ಲೂ ಇದೇ ಕಥೆ.

ಅಂದಹಾಗೆ ಆ ಹಿಸ್ಟೋಗ್ರಾಮ್ ಜೆಪೆಗ್‌ನ ಲೆಕ್ಕದ್ದು. ನೀವು ರಾ ಇಟ್ಟಿದ್ದರೂ ಕ್ಯಾಮೆರಾ ಒಳಗೊಂದು ಚಿಕ್ಕ ಜೆಪೆಗ್ ಮಾಡಿ ಅದನ್ನೇ ತೋರಿಸೋದು. ಹಾಗಾಗಿ ಸ್ವಲ್ಪ ಸುಟ್ಟ ಹಾಗೆ ಕಂಡರೂ ರಾದಲ್ಲಿ ಉಳಿದಿರುತ್ತೆ. ಪೂರ್ತಿ ಸುಟ್ಟಿದ್ದರೆ ರಾನೂ ಇಲ್ಲ, ದೇವರೂ ಇಲ್ಲ.

ಜೇಬಲ್ಲೇ_ಕ್ಯಾಮೆರಾ (ಜಮಖಂಡಿ)
ವಾಟ್ಸಾಪಿಗೆ ಹಾಕೋ ಸೀರೆ ಫೋಟೋಗೆ ಇಷ್ಟೆಲ್ಲ ಯಾಕ್ರೀ? ಫೋನಲ್ಲಿ ತೆಗೆದು ಕಳಿಸಿ.

ದಡಿ_ಸೆರಗು (ಇಳಕಲ್)
ಫೋನು ಕೆಂಪನ್ನು ತಾನೇ "ಚಂದ" ಮಾಡಿಬಿಡುತ್ತೆ ತಮ್ಮಾ. ಆ ಚಂದಕ್ಕೇ ಪಾರ್ಸಲ್ ವಾಪಸ್ ಬರೋದು.

ಬಿಟ್_ಬೈಟು (ಬೆಳಗಾವಿ)
ಅದೂ ಅಲ್ಲದೆ ವಾಟ್ಸಾಪು ಮಾಮೂಲಿ ಫೋಟೋವನ್ನು ಚಿಕ್ಕದು ಮಾಡಿ ಮತ್ತೆ ಒತ್ತುತ್ತೆ, ಅಂದ್ರೆ ವಿವರ ಕಳೆದು ಕಂಪ್ರೆಸ್ ಮಾಡುತ್ತೆ. 2023ರಲ್ಲಿ ಎಚ್‌ಡಿ ಆಯ್ಕೆ ಕೊಟ್ಟರು, ಅದರಲ್ಲೂ ಒತ್ತೋದು ಇದ್ದೇ ಇದೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಮಾತ್ರ ಫೈಲ್ ಇದ್ದ ಹಾಗೇ ಹೋಗೋದು.

ಇಳಕಲ್ ಸೀರೆಯ ಗೋಮಿ ದಡಿ (ಅಂಚಿನ ಒಂದು ವಿನ್ಯಾಸ) ಹತ್ತಿರದಿಂದ ನೋಡಿ. ಕೆಂಪು ಎಳೆ ಪಕ್ಕ ಕಪ್ಪು ಎಳೆ, ಕೂದಲಷ್ಟು ಸಣ್ಣ. ಜೆಪೆಗ್ ಬೆಳಕನ್ನು ಒಂದು ಕಡೆ, ಬಣ್ಣವನ್ನು ಇನ್ನೊಂದು ಕಡೆ ಬರೆದಿಡುತ್ತೆ. ಜಾಗ ಉಳಿಸೋಕೆ ಬಣ್ಣದ ವಿವರವನ್ನು ಅರ್ಧ ಮಾಡಿಬಿಡೋದು ತುಂಬಾ ಕಡೆ ಮಾಮೂಲು. ಮುಖದ ಫೋಟೋದಲ್ಲಿ ಗೊತ್ತಾಗಲ್ಲ. ಕೆಂಪು ದಡಿಯಲ್ಲಿ ಅಂಚು ಕಲಸಿದ ಹಾಗೆ ಆಗುತ್ತೆ. ಅದಕ್ಕೆ ಸೀರೆ ಪೂರ್ತಿ ಒಂದು ಫೋಟೋ, ದಡಿ ಮತ್ತೆ ತೋಪ ತೆನಿ ಸೆರಗು ಹತ್ತಿರದಿಂದ ಬೇರೆ ಫೋಟೋ. ಆಗ ಒತ್ತಿದರೂ ವಿವರ ಉಳಿಯುತ್ತೆ.

ಸಂಜೆ_ಡೆಡ್‌ಲೈನ್ (ಬೆಳಗಾವಿ)
ಪತ್ರಿಕೆಯ ಕಡೆಯಿಂದ ಒಂದು ಮಾತು. ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಶುರುವಾದರೆ ಹೊರಗೆ ದಿನಾ ಪ್ರತಿಭಟನೆ. ಕಬ್ಬಿನ ದರದ್ದು ಒಂದು ಟೆಂಟ್, ಅದರ ಪಕ್ಕ ಇನ್ನೊಂದು. ತೆಗೆದ ಹತ್ತು ನಿಮಿಷಕ್ಕೆ ಫೋಟೋ ಡೆಸ್ಕಿನಲ್ಲಿ ಇರಬೇಕು. ಕ್ಯಾಮೆರಾದಿಂದ ವೈಫೈ, ಫೋನಿನಿಂದ ಮೇಲ್. ರಾ ಎಲ್ಲಿ ತೆರೆದು ಕೂರೋದು?

ರಾಯಿಟರ್ಸ್ ಸುದ್ದಿಸಂಸ್ಥೆ 2015ರಲ್ಲಿ ತನ್ನ ಫ್ರೀಲಾನ್ಸ್ ಫೋಟೋಗ್ರಾಫರುಗಳಿಗೆ ನೇರವಾಗಿ ಹೇಳಿತ್ತು: ರಾದಿಂದ ತಯಾರಿಸಿದ ಫೋಟೋ ಬೇಡ, ಕ್ಯಾಮೆರಾದ ಮೂಲ ಜೆಪೆಗ್ಗೇ ಕಳಿಸಿ ಅಂತ. ಬೇಗ ಸಿಗುತ್ತೆ, ತಿದ್ದೋಕೆ ಅವಕಾಶ ಕಡಿಮೆ.

ಕೆಂಪುಕಲ್ಲು (ಬಾದಾಮಿ)
ಅದೇ ನಂಬಿಕೆಯ ಕಾರಣಕ್ಕೆ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವನ್ಯಜೀವಿ ಸ್ಪರ್ಧೆಯವರು ಉಲ್ಟಾ ಮಾಡ್ತಾರೆ. ಮುಂದಿನ ಸುತ್ತಿಗೆ ಬಂದವರ ಹತ್ತಿರ ರಾ ಅಥವಾ ಮುಟ್ಟದ ಮೂಲ ಫೈಲ್ ಕೇಳ್ತಾರೆ. ತಿದ್ದಿದ್ದಾರಾ ಇಲ್ವಾ ಅಂತ ನೋಡೋಕೆ.

ಸಂಜೆ_ಡೆಡ್‌ಲೈನ್ (ಬೆಳಗಾವಿ)
ನರಿ ಸಂಜೆ ಆವೃತ್ತಿಗೆ ಕಾಯಲ್ಲ ಸರ, ಅದಕ್ಕೇ.

ಹಳೇ_ರೀಲು (ಮುಧೋಳ)
ಫಿಲ್ಮ್ ಕಾಲದಲ್ಲಿ ಈ ತಲೆನೋವೇ ಇರಲಿಲ್ಲ. ಜೆಪೆಗ್ ಅನ್ನೋದು ಒಂದು ಸಲ ತೆರೆದರೆ ಒಂದು ಚೂರು ಸವೆಯುತ್ತೆ. ಮೊಮ್ಮಕ್ಕಳ ಕಾಲಕ್ಕೆ ಏನೂ ಉಳಿಯಲ್ಲ.

ಬಿಟ್_ಬೈಟು (ಬೆಳಗಾವಿ)
ಇಲ್ಲ ಕಾಕಾ. ತೆರೆದು ನೋಡಿದರೆ, ಕಾಪಿ ಮಾಡಿದರೆ, ಪೆನ್‌ಡ್ರೈವಿಗೆ ಹಾಕಿದರೆ ಜೆಪೆಗ್‌ಗೆ ಏನೂ ಆಗಲ್ಲ. ತಿದ್ದಿ ಮತ್ತೆ ಸೇವ್ ಮಾಡಿದಾಗ ಮಾತ್ರ ನಷ್ಟ. ಅದು ಚಿತ್ರವನ್ನು 8×8 ಪಿಕ್ಸೆಲ್ ಚೌಕ ಮಾಡಿ, ಒಂದೊಂದರಲ್ಲೂ ಕಣ್ಣಿಗೆ ಕಾಣದ ವಿವರ ತೆಗೆದು ಒತ್ತುತ್ತೆ. ಮತ್ತೆ ಮತ್ತೆ ಸೇವ್ ಮಾಡಿದರೆ ಆ ಚೌಕಗಳೇ ಕಣ್ಣಿಗೆ ಬೀಳೋಕೆ ಶುರುವಾಗುತ್ತವೆ. ಮೂಲ ಫೈಲ್ ಮುಟ್ಟದೆ "ಸೇವ್ ಆ್ಯಸ್" ಮಾಡಿದರೆ ಆಯಿತು.

ಹಳೇ_ರೀಲು (ಮುಧೋಳ)
ಆಗಲಿ. ಆದರೆ ರೀಲಿಗೆ ಬೂಸು ಹತ್ತಿದರೂ ಚಿತ್ರ ಇರ್ತಿತ್ತು. ನಿಮ್ಮ ಹಾರ್ಡ್ ಡಿಸ್ಕ್ ಟಿಕ್ ಟಿಕ್ ಅಂದರೆ ಎಲ್ಲ ಹೋಯಿತು.

ಬಿಟ್_ಬೈಟು (ಬೆಳಗಾವಿ)
ಅದಕ್ಕೆ ಉತ್ತರ ಇಲ್ಲ ಕಾಕಾ.

ಫ್ಲೆಕ್ಸ್_ಅಂಗಡಿ (ಗೋಕಾಕ)
ನನ್ನ ಹತ್ತಿರ ಬರೋರು ವಾಟ್ಸಾಪ್ ಫೋಟೋ ತಂದು "ಇದನ್ನ ಟಿಫ್ ಮಾಡಿ, 300 ಡಿಪಿಐ ಮಾಡಿ, ಕ್ಲಿಯರ್ ಬರುತ್ತೆ" ಅಂತಾರೆ. ಹೇಗೆ ಬರುತ್ತೆ? ಡಿಪಿಐ (ಪ್ರಿಂಟಿನ ಒಂದು ಇಂಚಿಗೆ ಎಷ್ಟು ಚುಕ್ಕಿ) ಅನ್ನೋ ಅಂಕಿ ಬದಲಾಯಿಸಿದರೆ ಪಿಕ್ಸೆಲ್ ಹುಟ್ಟಲ್ಲ. ಜೆಪೆಗ್ಗನ್ನು ಟಿಫ್ (ವಿವರ ಕಳೆಯದೆ ಇಡುವ ದೊಡ್ಡ ಫೈಲ್) ಮಾಡಿದರೆ ಫೈಲ್ ದಪ್ಪ ಆಗುತ್ತೆ, ಚಿತ್ರ ಅಷ್ಟೇ ಇರುತ್ತೆ. 24 ಮೆಗಾಪಿಕ್ಸೆಲ್ ಅಂದ್ರೆ 6000×4000. 300ರ ಲೆಕ್ಕದಲ್ಲಿ 20 ಇಂಚು ಅಗಲ. ಫ್ಲೆಕ್ಸಿಗೆ ಅಷ್ಟೂ ಬೇಡ, ಜನ ರಸ್ತೆ ಆಚೆಯಿಂದ ನೋಡೋದು. ಹುಟ್ಟುಹಬ್ಬದ ಶುಭಾಶಯ ಕೋರುವವರ ಪಾಸ್‌ಪೋರ್ಟ್ ಸೈಜ್ ಮುಖಗಳೇ ನಮ್ಮ ನಿಜವಾದ ಕಷ್ಟ. ಒಬ್ಬರದ್ದೂ ಸರಿಯಾದ ಫೋಟೋ ಇರಲ್ಲ.

ಅಕ್ಕಿಕಾಳು_ಕ್ಲಿಕ್ (ಬಾಗಲಕೋಟೆ)
ಅದರಲ್ಲಿ ಒಬ್ಬನದ್ದು ಬಿಟ್ಟುಹೋದರೆ ರಾತ್ರೋರಾತ್ರಿ ಹೊಸ ಫ್ಲೆಕ್ಸ್ 😄

ಫ್ಲೆಕ್ಸ್_ಅಂಗಡಿ (ಗೋಕಾಕ)
ಅದರ ಬಿಲ್ ಇನ್ನೂ ಬಂದಿಲ್ಲ.

ತಾಳೆಗರಿ (ವಿಜಯಪುರ)
ಟಿಫ್ ಅಂದ್ರೆ ಸುಮ್ನೆ ನಗಬೇಡಿ. ಅದಕ್ಕೂ ಒಂದು ಜಾಗ ಇದೆ. ನಾನು ಹಳೇ ಕಾಗದ, ಕೈಬರಹದ ವಹಿ, ತಾಳೆಗರಿ ಇವುಗಳ ಫೋಟೋ ತೆಗೀತೀನಿ. ರಾದಲ್ಲಿ ತೆಗೆದು, ಬಣ್ಣ ಸರಿಮಾಡಿ, 16 ಬಿಟ್ ಟಿಫ್ ಇಡ್ತೀನಿ. 24 ಮೆಗಾಪಿಕ್ಸೆಲ್ಲಿಗೆ ಒತ್ತದೆ ಇಟ್ಟರೆ 8 ಬಿಟ್‌ನಲ್ಲಿ 72 ಎಂಬಿ, 16 ಬಿಟ್‌ನಲ್ಲಿ 144 ಎಂಬಿ. ಜಾಸ್ತಿ ಅನ್ನಿಸುತ್ತೆ, ಆದರೆ ಯಾವ ವಿವರವೂ ಬಿಟ್ಟುಹೋಗಲ್ಲ. ಮಸಿ ಮಾಸಿದ ಅಕ್ಷರವನ್ನು ಎತ್ತಿ ಓದೋಕೆ ಆ ಹಂತಗಳೇ ಬೇಕು. ಒತ್ತಿದ ಜೆಪೆಗ್‌ನಲ್ಲಿ ಅಕ್ಷರದ ಅಂಚಿನ ಸುತ್ತ ಸೊಳ್ಳೆ ಕೂತ ಹಾಗೆ ಚುಕ್ಕಿ ಏಳ್ತವೆ. ಒತ್ತು ಯಾವುದು, ದೀರ್ಘ ಯಾವುದು ಅಂತ ಗೊತ್ತಾಗಲ್ಲ.

ನಮ್ಮ ಊರಲ್ಲಿ ಫ.ಗು. ಹಳಕಟ್ಟಿಯವರು ಓಲೆಗರಿ ಹುಡುಕಿ ಹುಡುಕಿ ವಚನ ಅಚ್ಚು ಹಾಕಿಸಿದರು. ಅವರ ಕಾಲಕ್ಕೆ ಇಂಥ ಡಿಜಿಟಲ್ ಕ್ಯಾಮೆರಾ ಸಿಕ್ಕಿದ್ದರೆ ಯಾವ ಫಾರ್ಮ್ಯಾಟ್ ಅಂತ ಜಗಳ ಆಡ್ತಾ ಕೂರ್ತಿರಲಿಲ್ಲ ಅನ್ನಿ.

ಕೆಂಪುಕಲ್ಲು (ಬಾದಾಮಿ)
ಪಿಎನ್‌ಜಿ ಆಗಲ್ವಾ ಅದಕ್ಕೆ? ಅದೂ ನಷ್ಟ ಇಲ್ಲದ್ದೇ ತಾನೇ?

ತಾಳೆಗರಿ (ವಿಜಯಪುರ)
ನಷ್ಟ ಇಲ್ಲ, 16 ಬಿಟ್ಟೂ ಇದೆ. ಆದರೆ ಪ್ರೆಸ್ಸಿನವರಿಗೆ ಬೇಕಾದ ಸಿಎಂವೈಕೆ (ಅಚ್ಚಿನ ನಾಲ್ಕು ಮಸಿಯ ಬಣ್ಣದ ಲೆಕ್ಕ) ಅದರಲ್ಲಿ ಇಲ್ಲ. ಪಿಎನ್‌ಜಿ ಸ್ಕ್ರೀನ್‌ಶಾಟಿಗೆ, ಹಿನ್ನೆಲೆ ತೆಗೆದ ಲೋಗೋಗೆ ಚೆನ್ನ. ಫೋಟೋಗೆ ಹಾಕಿದರೆ ಸುಮ್ನೆ ಜಾಗ ತಿನ್ನುತ್ತೆ.

ಜೇಬಲ್ಲೇ_ಕ್ಯಾಮೆರಾ (ಜಮಖಂಡಿ)
ನನ್ನದೊಂದು ಪ್ರಶ್ನೆ. ಐಫೋನಲ್ಲಿ ತೆಗೆದ ತಂಗಿಯ ಕುಬಸದ ಫೋಟೋ ಪ್ರಿಂಟ್ ಹಾಕಿಸೋಕೆ ಹೋದೆ. ಅಂಗಡಿಯ ಕಂಪ್ಯೂಟರಿನಲ್ಲಿ ತೆರೆಯಲೇ ಇಲ್ಲ. ಹೆಸರಿನ ಕೊನೆಗೆ ಎಚ್ಇಐಸಿ ಅಂತ ಇತ್ತು.

ಬಿಟ್_ಬೈಟು (ಬೆಳಗಾವಿ)
ಐಫೋನಿಗೆ ಅದು 2017ರಲ್ಲಿ ಐಒಎಸ್ 11 ಜೊತೆ ಬಂತು. ವಿಡಿಯೋ ಒತ್ತುವ ಎಚ್ಇವಿಸಿ ವಿದ್ಯೆಯನ್ನೇ ಫೋಟೋಗೆ ಹಾಕಿದ್ದು. ಅದೇ ಚಂದಕ್ಕೆ ಜೆಪೆಗ್‌ನ ಅರ್ಧದಷ್ಟು ಜಾಗ ಸಾಕು. ತೊಂದರೆ ಏನಂದ್ರೆ ಹಳೇ ವಿಂಡೋಸ್ ಅದನ್ನು ಗುರುತಿಸಲ್ಲ, ಬೇರೆ ಎಕ್ಸ್‌ಟೆನ್ಶನ್ ಹಾಕಬೇಕು. ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್ ಒಳಗೆ "ಮೋಸ್ಟ್ ಕಂಪ್ಯಾಟಿಬಲ್" ಅಂತ ಇದೆ, ಅದನ್ನು ಒತ್ತಿ. ಆಮೇಲೆ ಎಲ್ಲ ಜೆಪೆಗ್ಗೇ. 1992ರ ಈ ಮುದುಕ ಜೆಪೆಗ್ ಇವತ್ತಿಗೂ ಯಾವ ಅಂಗಡಿಯಲ್ಲಾದರೂ ತೆರೆಯುತ್ತೆ. ಅದರ ದೊಡ್ಡ ಗುಣ ಅದೇ.

ಅಕ್ಕಿಕಾಳು_ಕ್ಲಿಕ್ (ಬಾಗಲಕೋಟೆ)
ಕೊನೆಗೂ ಒಬ್ಬರು ನಮ್ಮ ಪಾರ್ಟಿಗೆ ಬಂದರು. ಒಂದು ಮದುವೆಯ ಕಥೆ ಹೇಳ್ತೀನಿ. ಹುಡುಗಿ ಕಡೆಯವರಲ್ಲಿ ಒಬ್ಬ ಬೆಂಗಳೂರಿನ ಐಟಿ ಹುಡುಗ, ನಮಗೆ ರಾ ಫೈಲೇ ಬೇಕು ಅಂತ ಹಟ. ಕೊಟ್ಟೆವು. ರಾತ್ರಿ ಹತ್ತೂವರೆಗೆ ಹುಡುಗಿಯ ತಂದೆಯ ಫೋನು. "ಪೆನ್‌ಡ್ರೈವ್ ಟಿವಿಗೆ ಹಾಕಿದೀವಿ, ಬೀಗರು ಎಲ್ಲ ಕೂತಿದ್ದಾರೆ, ಏನೂ ಕಾಣವಲ್ಲದು!" ಅಷ್ಟು ಹೊತ್ತಿನಲ್ಲಿ ಜೆಪೆಗ್ ಕಾಪಿ ಹಿಡಿದು ಬೈಕ್ ಹತ್ತಿದ್ದಾಯಿತು. ಊಟ ಚೆನ್ನಾಗಿತ್ತು, ಮಾದಲಿ, ತುಪ್ಪ. ಅದು ಬೇರೆ ಮಾತು.

ಗುಮ್ಮಟದ_ನೆರಳು (ವಿಜಯಪುರ)
ಅಬ್ಬಾ, ಇಷ್ಟೊಂದು. ಎಲ್ಲರಿಗೂ ಥ್ಯಾಂಕ್ಸ್. ಹಾಗಿದ್ದರೆ ರಾ ಪ್ಲಸ್ ಜೆಪೆಗ್ ಇಟ್ಟುಬಿಟ್ಟರೆ? ಎರಡೂ ಸಿಕ್ಕ ಹಾಗಾಯಿತಲ್ವಾ?

ಕೆಂಪುಕಲ್ಲು (ಬಾದಾಮಿ)
ಎಲ್ಲದಕ್ಕೂ ಬೇಡ. ನಿಮ್ಮ ಕ್ಯಾಮೆರಾದಲ್ಲಿ ಒಂದು ರಾ 25ರಿಂದ 30 ಎಂಬಿ ಆಗುತ್ತೆ, ಜೊತೆಗೆ ಜೆಪೆಗ್ 10 ಎಂಬಿ ಹತ್ತಿರ. ಕಾರ್ಡೂ ಬೇಗ ತುಂಬುತ್ತೆ, ಬಫರೂ. ಅದಕ್ಕಿಂತ ದೊಡ್ಡ ತೊಂದರೆ ಆಮೇಲೆ. ಎರಡೆರಡು ಫೈಲ್ ಕೂಡಿಸಿಟ್ಟು, ಯಾವುದನ್ನು ಅಳಿಸೋದು ಅಂತ ಗೊತ್ತಾಗದೆ ಯಾವುದನ್ನೂ ಅಳಿಸದೆ ಡಿಸ್ಕ್ ತುಂಬಿಸೋರೇ ಜಾಸ್ತಿ.

ಸೀರೆಗೆ ರಾ ಇಡಿ. ಬೆಳಕು ಒಂದೇ ಇರೋದರಿಂದ ಒಂದಕ್ಕೆ ಸರಿಮಾಡಿ ಎಲ್ಲದಕ್ಕೂ ಅಂಟಿಸಬಹುದು. ಗುಮ್ಮಟ, ಬಾದಾಮಿಗೂ ರಾನೇ. ಸಂಜೆ ಅಗಸ್ತ್ಯ ತೀರ್ಥದ ದಂಡೆಯಲ್ಲಿ ಭೂತನಾಥ ಗುಡಿಗೆ ಪಡುವಣ ಬಿಸಿಲು ಬಿದ್ದಾಗ ಆ ಕಲ್ಲಿನ ಕೆಂಪು ಜೆಪೆಗ್‌ನಲ್ಲಿ ಕಿತ್ತಳೆಯಾಗಿ ಕೂಗುತ್ತೆ. ನಾನು ನೋಡಿ ನೋಡಿ ಸಾಕಾಗಿದೆ. ಮದುವೆಗೆ, ಇಷ್ಟ ಇಲ್ಲದಿದ್ದರೂ ಹೇಳ್ತೀನಿ, ಅಕ್ಕಿಕಾಳಿನವರು ಹೇಳಿದ್ದೇ ಸರಿ.

ಅಕ್ಕಿಕಾಳು_ಕ್ಲಿಕ್ (ಬಾಗಲಕೋಟೆ)
ಯಾರಾದರೂ ಸ್ಕ್ರೀನ್‌ಶಾಟ್ ತಗೊಳ್ರೀ. ಪಿಎನ್‌ಜಿಯಲ್ಲೇ.

ಗುಮ್ಮಟದ_ನೆರಳು (ವಿಜಯಪುರ)
😀 12 ಬಿಟ್, 14 ಬಿಟ್ ಯಾವುದು ಅಂತ ಯಾರೂ ಹೇಳಲಿಲ್ಲ. ಇನ್ನೊಂದು, ನನ್ನ ಹಳೇ ಸಾಫ್ಟ್‌ವೇರ್ ಈ ಕ್ಯಾಮೆರಾದ ಎನ್ಇಎಫ್ (ನಿಕಾನಿನ ರಾ) ಫೈಲನ್ನು ಗುರುತೇ ಹಿಡಿಯಲ್ಲ.

ಬಿಟ್_ಬೈಟು (ಬೆಳಗಾವಿ)
14 ಬಿಟ್, ನಷ್ಟ ಇಲ್ಲದ ಕಂಪ್ರೆಶನ್ ಇಡಿ. ತೀರಾ ಕತ್ತಲನ್ನು ಎತ್ತುವಾಗ ಮಾತ್ರ ವ್ಯತ್ಯಾಸ ಕಾಣುತ್ತೆ, ಆದರೆ ಗುಮ್ಮಟದ ಒಳಗೆ ನೀವು ಮಾಡೋದು ಅದನ್ನೇ. ಹೈ ಐಎಸ್ಒದಲ್ಲಿ (ಸೆನ್ಸರಿನ ಸೂಕ್ಷ್ಮತೆ ಏರಿಸಿದಾಗ) ಎರಡೂ ಒಂದೇ.

ಸಾಫ್ಟ್‌ವೇರ್ ಹಳೇದಾಗಿದ್ದರೆ ಅಡೋಬಿಯ ಡಿಎನ್‌ಜಿ ಕನ್ವರ್ಟರ್ ಉಚಿತ ಇದೆ. ಡಿಎನ್‌ಜಿ ಅನ್ನೋದು 2004ರಲ್ಲಿ ಅವರು ತಂದ ಎಲ್ಲರಿಗೂ ತೆರೆದ ರಾ ಫಾರ್ಮ್ಯಾಟ್. ಅದಕ್ಕೆ ಬದಲಾಯಿಸಿಕೊಂಡರೆ ಅವರದ್ದೇ ಫೋಟೋ ತಿದ್ದುವ ಹಳೇ ಲೈಟ್‌ರೂಮಿನಲ್ಲೂ ತೆರೆಯುತ್ತೆ. ಬೇರೆ ದಾರಿ ಅಂದ್ರೆ ನಿಕಾನಿನ ಎನ್ಎಕ್ಸ್ ಸ್ಟುಡಿಯೋ, ಅದೂ ಉಚಿತ, ಬಣ್ಣ ಕ್ಯಾಮೆರಾದ್ದೇ ಬರುತ್ತೆ. ಡಾರ್ಕ್‌ಟೇಬಲ್ ಕೂಡ ಉಚಿತವೇ, ಆದರೆ ಕಲಿಯೋಕೆ ತಾಳ್ಮೆ ಬೇಕು. 8 ಜಿಬಿಯಲ್ಲಿ ನಡೆಯುತ್ತೆ, ಸ್ವಲ್ಪ ನಿಧಾನ.

ಗುಮ್ಮಟದ_ನೆರಳು (ವಿಜಯಪುರ)
ಡಿಎನ್‌ಜಿ ಮಾಡಿದ ಮೇಲೆ ಎನ್ಇಎಫ್ ಅಳಿಸಬಹುದಾ?

ತಾಳೆಗರಿ (ವಿಜಯಪುರ)
ಬೇಡ. ನಿಕಾನಿನ ಸಾಫ್ಟ್‌ವೇರ್ ಡಿಎನ್‌ಜಿ ತೆರೆಯಲ್ಲ. ಮುಂದೆ ಬೇಕಾದರೆ ಕಷ್ಟ.

ಸಂಜೆ_ಡೆಡ್‌ಲೈನ್ (ಬೆಳಗಾವಿ)
ವಿಷಯ ಬಿಟ್ಟು ಒಂದು ಮಾತು. ಭಾನುವಾರ ಬೆಳಿಗ್ಗೆ ಪಟ್ಟದಕಲ್ಲಿಗೆ ಬರ್ತಿದ್ದೇನೆ, ಯಾರಾದರೂ ಸಿಗ್ತೀರಾ? ಕುಂದಾ ತರ್ತೀನಿ.

ಕೆಂಪುಕಲ್ಲು (ಬಾದಾಮಿ)
ನಾನು ಬರ್ತೀನಿ ಸರ. ಟ್ರೈಪಾಡ್ ಮನೆಯಲ್ಲೇ ಬಿಡಿ, ಒಳಗೆ ಬಿಡಬೇಕಾದರೆ ಪರವಾನಗಿ ಕೇಳ್ತಾರೆ.

ದಡಿ_ಸೆರಗು (ಇಳಕಲ್)
ಕುಂದಾ ಇದ್ದರೆ ನಾವೂ ಹೊರಡ್ತೀವಿ. ನಾಲ್ಕು ಸೀರೆ ತರ್ತೀನಿ, ಯಾರಾದರೂ ನೆರಳಲ್ಲಿ ಫೋಟೋ ತೆಗೆದುಕೊಡಿ.